ಯಾರ ಕತ್ತಿ?

ಹೊಸಕೋಟೆ ಸೀಮೆಯ ಅನುಗೊಂಡನಹಳ್ಳಿ ಎಂಬ ಊರಿನ ಹೆಸರನ್ನು ಬಿಡಿಸಿ ನೋಡಿದರೆ ನಡುವೆ ಒಂದು ಷಷ್ಠೀ ವಿಭಕ್ತಿ ಕೂತಿದೆ: ಅನುಗೊಂಡನ ಹಳ್ಳಿ. ಅವನು ಊರು ಕಟ್ಟಿದವನೋ, ಉಂಬಳಿ ಪಡೆದವನೋ, ಕೆರೆಗೆ ಏರಿ ಹಾಕಿಸಿದವನೋ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದು ಸತ್ತವನೋ, ವಿಭಕ್ತಿ ಬಾಯಿ ಬಿಡುವುದಿಲ್ಲ. ಊರಿಗೂ ಒಬ್ಬನಿಗೂ ಏನೋ ಸಂಬಂಧವಿತ್ತು, ಅಷ್ಟು ಮಾತ್ರ ಅದರ ಸಾಕ್ಷಿ. ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಹೆಸರಿಗೂ ಇದೇ ವಿಭಕ್ತಿ ಅಂಟಿಕೊಂಡು 2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜಿಗೆ ಬಂತು. 15ರಿಂದ 20 ಲಕ್ಷ ಪೌಂಡು ಬರಬಹುದೆಂದು ಅಂದಾಜಿಸಿದ್ದ ‘ಟಿಪ್ಪುವಿನ ಕತ್ತಿ’ 1.4 ಕೋಟಿ ಪೌಂಡು ದಾಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕದ್ದು, ಸೈನ್ಯದ ಕಡೆಯಿಂದ ಡೇವಿಡ್ ಬೇರ್ಡ್‌ಗೆ ಕಾಣಿಕೆಯಾಗಿ ಹೋದದ್ದು ಎಂಬುದು ಅದರ ಚರಿತ್ರೆ. ಆ ಹರಾಜಿಗೆ ಇಪ್ಪತ್ತು ವರ್ಷ ಮುಂಚೆ, 2003ರಲ್ಲಿ, ವಿಜಯ್ ಮಲ್ಯ ಲಂಡನ್ನಿನಲ್ಲೇ ಕೊಂಡದ್ದೂ ‘ಟಿಪ್ಪುವಿನ ಕತ್ತಿ’. ಎರಡೂ ನಿಜವಿರಬಹುದು, ಅರಸನಿಗೆ ಒಂದೇ ಕತ್ತಿ ಇರಬೇಕೆಂಬ ಕಟ್ಟಳೆಯೇನಿಲ್ಲ. ಆದರೆ ಕೈಯಲ್ಲಿ ಹಿಡಿದು ಕಾದದ್ದು, ತಲೆದಿಂಬಿನ ಪಕ್ಕ ಇಟ್ಟುಕೊಂಡದ್ದು, ಬೊಕ್ಕಸದಲ್ಲಿ ಇದ್ದದ್ದು, ಈ ಮೂರಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇನ್ನೊಂದು ಸಂಬಂಧವನ್ನಂತೂ ಯಾರೂ ಕೇಳಲೇ ಇಲ್ಲ: ಕುಲುಮೆಯ ಮುಂದೆ ಕೂತು ಅದನ್ನು ಬಡಿದವನು ಯಾರು?

ಜಪಾನಿನಲ್ಲಿ ಮೊದಲು ಕೇಳುವುದೇ ಆ ಪ್ರಶ್ನೆ. ಅಲ್ಲಿ ಕಮ್ಮಾರ ತನ್ನ ಹೆಸರನ್ನು ಕೆತ್ತುತ್ತಿದ್ದುದು ಹಿಡಿಯೊಳಗೆ ಅಡಗುವ ಬಾಲದ ಮೇಲೆ. ಕುದುರೆ ಸವಾರರ ಕಾಲದ ಉದ್ದನೆಯ ಕತ್ತಿಗಳು ಮುಂದೆ ನೆಲದ ಮೇಲೆ ನಿಂತು ಕಾದುವವರ ಸೊಂಟಕ್ಕೆ ಭಾರವಾದಾಗ ಅವನ್ನು ಮೊಟಕು ಮಾಡಿದರು. ಮೊನೆಯ ಕಡೆ ಕತ್ತರಿಸಿದರೆ ಕತ್ತಿಯೇ ಹಾಳು, ಆದ್ದರಿಂದ ಬಾಲದ ಕಡೆಯಿಂದ ಕಡಿದು, ಅಲಗಿನ ಬುಡವನ್ನೇ ಅರದಿಂದ ಉಜ್ಜಿ ಹೊಸ ಬಾಲ ಮಾಡಿದರು. ತೊಂಬತ್ತು ಸೆಂಟಿಮೀಟರಿನದು ಎಪ್ಪತ್ತರ ಹತ್ತಿರ ಬಂತು, ಹೆಸರು ತುಂಡಿನ ಜೊತೆ ಹೋಯಿತು. ಅಂಥ ಕತ್ತಿಯನ್ನು ಈಗ ಹಿಡಿಯಿಂದ ಬಿಡಿಸಿದರೆ ಬಾಲದಲ್ಲಿ ಎರಡೋ ಮೂರೋ ತೂತು ಕಾಣುತ್ತವೆ. ಹಿಡಿಗೆ ಬಿದಿರಿನ ಮೊಳೆ ಹೊಡೆಯಲು ಒಂದೊಂದು ಕಾಲದಲ್ಲಿ ಕೊರೆದ ತೂತುಗಳವು, ಕತ್ತಿ ಎಷ್ಟು ಸಲ ಹಿಡಿ ಬದಲಿಸಿತು ಎಂಬುದರ ಲೆಕ್ಕ ಅಲ್ಲಿದೆ. ಇಂಥ ಅನಾಮಿಕ ಕತ್ತಿಗೆ ಜಪಾನೀಯರು ಮುಮೆಯಿ ಎನ್ನುತ್ತಾರೆ, ಅಂದರೆ ಹೆಸರಿಲ್ಲದ್ದು. ಆಕಾರದ ಬಾಗು ಎಲ್ಲಿದೆ, ಮಡಚಿ ಬಡಿದ ಉಕ್ಕಿನ ಮೈಯಲ್ಲಿ ಎಳೆ ಹೇಗೆ ಓಡಿದೆ, ಮಣ್ಣು ಮೆತ್ತಿ ಕಾಸಿ ನೀರಿಗದ್ದಿದಾಗ ಬಾಯಿಯ ಉದ್ದಕ್ಕೂ ಮೂಡಿದ ಬಿಳಿ ಅಂಚು ನೇರವಿದೆಯೋ ಅಲೆಯಲೆಯಾಗಿದೆಯೋ, ಮೊನೆಯಲ್ಲಿ ಆ ಅಂಚು ಹೇಗೆ ಹಿಂದಕ್ಕೆ ಹೊರಳಿದೆ, ಬಾಲದ ತುಕ್ಕು ಯಾವ ಬಣ್ಣಕ್ಕೆ ತಿರುಗಿದೆ, ಇಷ್ಟನ್ನೂ ನೋಡಿ ಪರಿಣತ ಹೇಳುತ್ತಾನೆ: ಇದು ಇಂಥವನ ಕೆಲಸ. ಹೊನಾಮಿ ಎಂಬ ಮನೆತನ ತಲೆಮಾರುಗಳ ಕಾಲ ಕತ್ತಿಗೆ ಸಾಣೆ ಹಿಡಿಯುವುದನ್ನೂ ಹೀಗೆ ಹೆಸರು ಹೇಳುವುದನ್ನೂ ಕಸುಬಾಗಿ ಮಾಡಿತು. ಅವರು ಬರೆದುಕೊಡುತ್ತಿದ್ದ ಪತ್ರಕ್ಕೆ ಒರಿಗಾಮಿ ಎಂದು ಹೆಸರು. ಮಕ್ಕಳು ಕಾಗದದಲ್ಲಿ ಹಕ್ಕಿ ಮಾಡುವ ಆಟದ ಹೆಸರೂ ಅದೇ, ಮಡಚಿದ ಕಾಗದ ಎಂದಷ್ಟೇ ಅರ್ಥ. 1948ರಲ್ಲಿ ಸ್ಥಾಪನೆಯಾದ ಕಲಾಖಡ್ಗ ಸಂರಕ್ಷಣಾ ಸಂಘ ಇವತ್ತು ಆ ಕೆಲಸ ಮಾಡುತ್ತಿದೆ.

ಈ ಪತ್ರವನ್ನು ಓದುವುದು ಹೇಗೆ ಎಂಬುದು ಮೇಲ್ನೋಟಕ್ಕೆ ಕತ್ತಿ ಕೂಡಿಡುವವರ ಚಿಂತೆ. ನನಗೆ ಅದು ನಮ್ಮ ಪ್ರಮಾಣಶಾಸ್ತ್ರದವರು ಸಾವಿರಾರು ವರ್ಷ ಜಗಳವಾಡಿದ ಪ್ರಶ್ನೆಯಾಗಿಯೇ ಕಾಣುತ್ತದೆ: ಕಂಡವರು ಯಾರೂ ಉಳಿದಿಲ್ಲದ ಸಂಗತಿಯ ಬಗ್ಗೆ ಬಲ್ಲವನೊಬ್ಬ ಆಡಿದ ಮಾತು ಜ್ಞಾನವೇ, ನಂಬಿಕೆಯೇ? ಆ ಮಾತಿನೊಳಗಿನ ಹೆಸರು ಸತ್ತುಹೋದ ಒಬ್ಬ ಮನುಷ್ಯನನ್ನು ತೋರಿಸುತ್ತದೆ ಎಂದು ಓದುವುದೇ ಮೊದಲ ತಪ್ಪು ಎಂಬುದು ನನ್ನ ವಾದ. ಹೆಸರು ಅಲ್ಲಿ ಒಂದು ಜಾಗವನ್ನು ತೋರಿಸುತ್ತದೆ. ಇಂಥ ಕಾಲ, ಇಂಥ ಸೀಮೆ, ಇಂಥ ಗುರುಪರಂಪರೆ, ಇಷ್ಟು ಎತ್ತರದ ಕೆಲಸ ಎಂಬ ನಾಲ್ಕು ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲಿ ನೆಟ್ಟ ಗೂಟ ಅದು. ಇದಕ್ಕೆ ಪುರಾವೆ ಜಪಾನೀಯರ ಒಂದು ಅಭ್ಯಾಸದಲ್ಲೇ ಇದೆ. ಕಲಿಯುವವರ ಮುಂದೆ ಬಾಲ ಮುಚ್ಚಿದ ಕತ್ತಿಯನ್ನಿಟ್ಟು ಮಾಡಿದವನ ಹೆಸರನ್ನು ಚೀಟಿಯಲ್ಲಿ ಬರೆಯಲು ಹೇಳುತ್ತಾರೆ. ನೇರ ಹೆಸರು ಬರೆದರೆ ‘ಅತಾರಿ’, ಗುರಿ ತಾಗಿತು. ಅದೇ ಶಾಲೆಯ ಹತ್ತಿರದ ಇನ್ನೊಬ್ಬನ ಹೆಸರು ಬರೆದರೆ ‘ದೋಝೆನ್’, ತಾಗಿದಂತೆಯೇ ಲೆಕ್ಕ. ಕಮ್ಮಾರ ತಪ್ಪಿ ಸೀಮೆ ಸರಿಯಾದರೆ ಅದಕ್ಕೂ ಬೇರೆ ಮಾತಿದೆ. ಗುರುವಿನ ಕತ್ತಿಗೆ ಶಿಷ್ಯನ ಹೆಸರು ಹೇಳಿದವನನ್ನು ಸುಳ್ಳಾಡಿದನೆಂದು ಅಲ್ಲಿ ಯಾರೂ ಜರಿಯುವುದಿಲ್ಲ. ಕೊಲೆ ಮೊಕದ್ದಮೆಯಲ್ಲಿ ಅಣ್ಣನ ಬದಲು ತಮ್ಮನನ್ನು ತೋರಿಸಿದ ಸಾಕ್ಷಿಗೆ ಈ ರಿಯಾಯಿತಿ ಸಿಕ್ಕೀತೇ? ವ್ಯಕ್ತಿಯ ಗುರುತೇ ಮಾತಿನ ಹುರುಳಾಗಿದ್ದರೆ ಹತ್ತಿರದ ತಪ್ಪೂ ತಪ್ಪೇ. ಹತ್ತಿರದ ತಪ್ಪನ್ನು ಸರಿಯ ಸಾಲಿಗೆ ಸೇರಿಸುವ ಜಾಗದಲ್ಲಿ ಮಾತಿನ ಹುರುಳು ಬೇರೆ ಎಲ್ಲೋ ಇದೆ.

ಹೆಸರಿಲ್ಲದ ಕತ್ತಿಯ ಪತ್ರದಲ್ಲಿ ಕೆಲವೊಮ್ಮೆ ಕಮ್ಮಾರನ ಹೆಸರಿಗೆ ಮೊದಲು ‘ದೆನ್’ ಎಂಬ ಒಂದಕ್ಷರ ಬರುತ್ತದೆ. ಪರಂಪರೆಯಿಂದ ಬಂದದ್ದು, ಇಂಥವನದೆಂದು ಹೇಳಿಕೆ ಎಂದು ಅದರ ಅರ್ಥ. ಅದು ಅನುಮಾನದ ಗುರುತು ಎಂದು ಕೊಳ್ಳುವವರು ಮುಖ ಸಿಂಡರಿಸುತ್ತಾರೆ, ಬರೀ ವಾಡಿಕೆ ಎಂದು ಮಾರುವವರು ಸಮಾಧಾನ ಹೇಳುತ್ತಾರೆ. ಕನ್ನಡ ನಾಡಿನ ಜೈನ ಪರಂಪರೆಯನ್ನು ಬಲ್ಲವರಿಗೆ ಇಂಥ ಅಕ್ಷರ ಹೊಸದಲ್ಲ. ಸ್ಯಾದ್ವಾದಿ ಯಾವ ಮಾತಿಗೂ ಮೊದಲು ‘ಸ್ಯಾತ್’ ಇಡುತ್ತಾನೆ. ‘ಬಹುಶಃ’ ಎಂದು ಅದನ್ನು ಅರ್ಥ ಮಾಡಿ ಸ್ಯಾದ್ವಾದವನ್ನು ಸಂಶಯವಾದವೆಂದು ಹಳಿದವರಿದ್ದಾರೆ, ಅದಕ್ಕೆ ಜೈನ ತಾರ್ಕಿಕರು ಉತ್ತರಿಸಿಯೂ ಇದ್ದಾರೆ. ‘ಸ್ಯಾತ್’ ಅನುಮಾನ ಸೂಚಿಸುವುದಿಲ್ಲ, ಮಾತು ಯಾವ ನೆಲೆಯಿಂದ ನಿಜವೋ ಆ ನೆಲೆಯನ್ನು ಮರೆಯಬೇಡ ಎನ್ನುತ್ತದೆ. ಮಣ್ಣಿನ ದೃಷ್ಟಿಯಿಂದ ಗಡಿಗೆ ನಿತ್ಯ, ಗಡಿಗೆಯ ದೃಷ್ಟಿಯಿಂದ ಅನಿತ್ಯ. ಎರಡೂ ಗಟ್ಟಿ ಮಾತುಗಳೇ, ಎರಡಕ್ಕೂ ಬೇಲಿ ಇದೆ. ಪರಿಣತನ ಮಾತೂ ಹೀಗೆ ಬೇಲಿಯೊಳಗಿನ ಗಟ್ಟಿ ಮಾತು: ನಮಗೆ ಸಿಕ್ಕಿರುವ ಹೆಸರುಳ್ಳ ಕತ್ತಿಗಳ ಬಳಗದ ದೃಷ್ಟಿಯಿಂದ, ಈ ಉಕ್ಕಿನ ಈ ಲಕ್ಷಣಗಳ ದೃಷ್ಟಿಯಿಂದ, ಇದು ಇಂಥವನದು. ನಾಳೆ ಹೆಸರುಳ್ಳ ಇನ್ನೊಂದು ಕತ್ತಿ ಹೊರಬಂದರೆ ಬೇಲಿ ಸರಿಯಬಹುದು. ಆಗ ಇಂದಿನ ಮಾತು ಸುಳ್ಳಾಗಿತ್ತು ಎನ್ನುವುದಕ್ಕಿಂತ, ಅದರ ನೆಲೆ ಕದಲಿತು ಎನ್ನುವುದು ಸರಿ. ತಪ್ಪು ಹುಟ್ಟುವುದು ‘ದೆನ್’ ಉದುರಿಸಿ ಹೆಸರನ್ನಷ್ಟೇ ಹೊತ್ತು ಸಂತೆಗೆ ಹೋದಾಗ.

ಇದಕ್ಕೆ ಬಲವಾದ ಮೊದಲ ಆಕ್ಷೇಪವನ್ನು ನೈಯಾಯಿಕರ ಬಾಯಲ್ಲೇ ಹೇಳಿಸಬಹುದು: ಇದೆಲ್ಲ ಅನ್ಯೋನ್ಯಾಶ್ರಯ. ಮಸಮುನೆಯ ಶೈಲಿ ಯಾವುದು? ಮಸಮುನೆಯವೆನ್ನುವ ಕತ್ತಿಗಳಲ್ಲಿ ಕಾಣುವುದು. ಅವು ಮಸಮುನೆಯವೆಂದು ಹೇಗೆ ಗೊತ್ತು? ಆ ಶೈಲಿ ಇರುವುದರಿಂದ. 14ನೇ ಶತಮಾನದ ಆದಿಯಲ್ಲಿ ಸಗಾಮಿ ಸೀಮೆಯಲ್ಲಿದ್ದ ಈ ಮಹಾ ಕಮ್ಮಾರನ ಹೆಸರು ಕೆತ್ತಿದ ಕೆಲಸ ಬೆರಳೆಣಿಕೆಯಷ್ಟು, ಅವೂ ಬಹುಪಾಲು ಬಾಕು. ಅವನ ಉದ್ದ ಕತ್ತಿಗಳೆಂದು ಪೂಜೆಗೊಳ್ಳುವ ಹೆಚ್ಚಿನವು ಹೆಸರಿಲ್ಲದವು. 19ನೇ ಶತಮಾನದ ಕೊನೆಯಲ್ಲಿ ಜಪಾನಿನಲ್ಲೇ ಇಮಾಮುರಾ ಚೋಗಾ ಎಂಬ ವಿದ್ವಾಂಸ ಈ ಕೀರ್ತಿಯನ್ನೇ ಪ್ರಶ್ನಿಸಿ ಗದ್ದಲ ಎಬ್ಬಿಸಿದ್ದ. ಆಕ್ಷೇಪ ಹುಸಿಯಲ್ಲ, ಸಗಾಮಿಯ ವಿಷಯದಲ್ಲಿ ಅದು ಅರ್ಧ ನಿಜ. ಆದರೆ ಉಳಿದರ್ಧವೂ ಇದೆ. ಮಸಮುನೆಯ ಗುರುವೆನ್ನುವ ಶಿಂತೋಗೊ ಕುನಿಮಿತ್ಸುವಿನ ಹೆಸರುಳ್ಳ ಕೆಲಸಗಳಿವೆ. ನಂತರದ ಹಿರೊಮಿತ್ಸು, ಅಕಿಹಿರೊ ಇವರದು ಹೆಸರೂ ವರ್ಷವೂ ಇರುವ ಕೆಲಸ. ಹೀಗೆ ಆಚೆ ದಡದಲ್ಲೊಂದು, ಈಚೆ ದಡದಲ್ಲೊಂದು ಗೂಟವಿರುವಾಗ ನಡುವಿನ ಹಗ್ಗ ಗಾಳಿಯಲ್ಲಿ ನಿಂತಿಲ್ಲ. ಶಾಸನ ಓದುವ ನಮ್ಮವರು ಇದೇ ಹಗ್ಗ ಹಿಡಿದು ನಡೆಯುತ್ತಾರಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯನ ವೀರಗಲ್ಲನ್ನು 8ನೇ ಶತಮಾನದ್ದೆಂದು ಹೇಳಲು ಅದರಲ್ಲಿ ಗಂಗರ ಅರಸ ಶ್ರೀಪುರುಷನ ಹೆಸರಿತ್ತು. ಅರಸನ ಹೆಸರೂ ಶಕವರ್ಷವೂ ಇಲ್ಲದ ಕಲ್ಲು ಸಿಕ್ಕರೆ ಲಿಪಿಯ ತಿರುವು ನೋಡಿ ಕಾಲ ಹೇಳುತ್ತಾರೆ. ಆ ತಿರುವಿನ ಕಾಲ ಗೊತ್ತಾದದ್ದು ಕಾಲ ನಮೂದಾದ ಬೇರೆ ಕಲ್ಲುಗಳಿಂದ. ಅಕ್ಷರವೇ ಇಲ್ಲದಿದ್ದರೆ ವೀರನ ತುರುಬು, ಕಚ್ಚೆ, ಕೈಯಲ್ಲಿನ ಕತ್ತಿಯ ಬಾಗು. ಗೂಟಗಳು ದೂರವಾದಷ್ಟೂ ಹಗ್ಗ ಜೋಲುತ್ತದೆ, ಮಾತಿನ ಬೇಲಿಯೂ ಅಗಲವಾಗಬೇಕು. ಜೋಲುತ್ತದೆಂದ ಮಾತ್ರಕ್ಕೆ ಹಗ್ಗವೇ ಇಲ್ಲ ಎಂದು ಸಾಧಿಸಲಾಗದು.

ಎರಡನೆಯ ಆಕ್ಷೇಪ ಎಲ್ಲರ ನಾಲಿಗೆಯ ತುದಿಯಲ್ಲೂ ಇರುವಂಥದು: ಇಷ್ಟು ಕಸರತ್ತು ಏಕೆ, ಹೆಸರು ಕೆತ್ತಿದ್ದರೆ ನಿಜ, ಇಲ್ಲದಿದ್ದರೆ ಗೊತ್ತಿಲ್ಲ ಎಂದುಬಿಡಿ. ಕೆತ್ತಿದ ಹೆಸರಿನ ಮೇಲೆ ಇಷ್ಟು ವಿಶ್ವಾಸವಿರುವವರು ಗಂಗರ ತಾಮ್ರಪಟಗಳನ್ನು ಒಮ್ಮೆ ನೋಡಬೇಕು. 5ನೇ ಶತಮಾನದ್ದೆಂದು ಹೇಳಿಕೊಳ್ಳುವ ಮಡಿಕೇರಿ ತಾಮ್ರಪಟವನ್ನು ಬರೆದವನು ವಿಶ್ವಕರ್ಮಾಚಾರ್ಯ. 776ರ ಸುಮಾರಿನ ನಾಗಮಂಗಲ ತಾಮ್ರಪಟವನ್ನು ಬರೆದವನೂ ವಿಶ್ವಕರ್ಮಾಚಾರ್ಯ. ಮುನ್ನೂರು ವರ್ಷ ಬದುಕಿದ ಅಕ್ಕಸಾಲಿಗನಂತೂ ಇರಲಾರ. ಇಂಥವನ್ನು ಹಿಡಿದೇ ಶಾಸನತಜ್ಞ ಜೆ.ಎಫ್. ಫ್ಲೀಟ್ ಗಂಗರ ಹಲವು ದಾನಪತ್ರಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದ, ಬಿ.ಎಲ್. ರೈಸ್ ಅವುಗಳ ಪರ ನಿಂತ. ವಿಶ್ವಕರ್ಮ ಎಂಬುದು ವ್ಯಕ್ತಿಯ ಹೆಸರೋ ಕುಲದ ಬಿರುದೋ ಎಂದು ತೀರ್ಮಾನಿಸದೆ ಆ ರುಜುವಿನಿಂದ ಏನನ್ನೂ ಕಟ್ಟಲಾಗದು. ಹೊಯ್ಸಳ ಶಿಲ್ಪಿಗಳಂತೂ ಹೆಸರು ಕೊರೆಯುವುದರಲ್ಲಿ ಸಂಕೋಚವಿಲ್ಲದವರು. 1196ರ ಅಮೃತಾಪುರದಲ್ಲಿ ಮಲ್ಲಿತಮ್ಮನ ರುಜು, 13ನೇ ಶತಮಾನದ ನಡುಭಾಗ ದಾಟಿದ ಮೇಲಿನ ಸೋಮನಾಥಪುರದಲ್ಲೂ ಮಲ್ಲಿತಮ್ಮನ ರುಜು. ಅರವತ್ತಕ್ಕೂ ಹೆಚ್ಚು ವರ್ಷ ಒಬ್ಬನೇ ಉಳಿ ಹಿಡಿದನೇ, ಅಜ್ಜನ ಹೆಸರು ಮೊಮ್ಮಗನಿಗೆ ಬಂತೇ? ತೀರ್ಮಾನಕ್ಕೆ ಮತ್ತೆ ಕಲ್ಲಿನ ಮೈಯನ್ನೇ ಓದಬೇಕು. ಅಂದರೆ ರುಜುವೂ ಸಾಕ್ಷಿಗಳಲ್ಲಿ ಒಂದು, ಅದನ್ನೂ ಪಾಟೀಸವಾಲಿಗೆ ಕರೆಯಬೇಕು. ಜಪಾನಿನಲ್ಲಿ ಹೆಸರಾಂತ ಕಮ್ಮಾರರ ಹೆಸರನ್ನು ಸಾಧಾರಣ ಕತ್ತಿಗೆ ಕೊರೆಯುವ ದಂಧೆ ಎಷ್ಟು ಹಳೆಯದೆಂದರೆ ಖೊಟ್ಟಿ ರುಜುವಿಗೇ ‘ಗಿಮೆಯಿ’ ಎಂಬ ಶಬ್ದವಿದೆ. ಪರಿಣತ ಅಂಥಲ್ಲಿ ಕತ್ತಿಯ ಮಾತು ನಂಬಿ ರುಜುವಿನ ಮಾತು ಬಿಡುತ್ತಾನೆ.

ಹೆಸರು ವ್ಯಕ್ತಿಯಿಂದ ಕಳಚಿಕೊಂಡು ಬರೀ ಎತ್ತರದ ಅಳತೆಯಾಗುವುದೂ ಉಂಟು. ಕೈದಾಳದ ಜಕಣಾಚಾರಿಯನ್ನೇ ತೆಗೆದುಕೊಳ್ಳಿ. ಬೇಲೂರಿನ ದಾಸೋಜ, ಚಾವಣ ತಮ್ಮ ಹೆಸರು, ಊರು, ಬಿರುದುಗಳನ್ನೆಲ್ಲ ಕೆತ್ತಿಟ್ಟು ಹೋದರು. ಜನ ಅವರನ್ನು ಮರೆತು, ಮೂರು ಕಾಲದ ಗುಡಿಗಳನ್ನೆಲ್ಲ ಒಟ್ಟುಗೂಡಿಸಿ ಜಕಣಾಚಾರಿಗೆ ಒಪ್ಪಿಸಿದರು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನಲ್ಲೇ ಇದೆ, ದಾಸೋಜನ ಹೆಸರಿನಲ್ಲಿಲ್ಲ. ಚರಿತ್ರೆ ಬರೆಯುವವರು ಇದಕ್ಕೆ ಹಲುಬುತ್ತಾರೆ. ನನಗೆ ಇದರಲ್ಲಿ ಜನರ ಒಂದು ಜಾಣತನವೂ ಕಾಣುತ್ತದೆ. ‘ಇದು ಜಕಣಾಚಾರಿಯ ಕೈಚಳಕ’ ಎನ್ನುವ ಹಳ್ಳಿಯ ಮುದುಕ ವಿಗ್ರಹದ ಕಲ್ಲಿನೊಳಗೆ ಕಪ್ಪೆ ಸಿಕ್ಕ ಕಥೆಯನ್ನೂ ಹೇಳುತ್ತಾನೆ ನಿಜ, ಆದರೆ ಯಾವುದೋ ಒರಟು ನಾಗರಕಲ್ಲಿಗೆ ಅವನು ಆ ಹೆಸರು ಹೇಳುವುದಿಲ್ಲ. ಹೆಸರು ಅವನ ಬಾಯಲ್ಲಿ ಕೆಲಸದ ಮಟ್ಟವನ್ನು ಅಳೆಯುತ್ತಿದೆ. ಮಸಮುನೆಗೂ ಹತ್ತು ಮಂದಿ ಶಿಷ್ಯರೆಂದು ಜಪಾನೀಯರು ಎಣಿಸುತ್ತಾರೆ, ಅವರಲ್ಲಿ ಕೆಲವರ ಕಾಲ ಕೂಡಿಬರುವುದೇ ಇಲ್ಲ. ಒಳ್ಳೆಯದೆಲ್ಲ ಒಂದೇ ಮನೆಯಿಂದ ಬಂತೆಂದು ಹೇಳಿ ಒಳ್ಳೆಯದನ್ನು ಗುರುತಿಟ್ಟುಕೊಳ್ಳುವ ಬಗೆ ಅದು.

ಮೂರನೆಯ ಆಕ್ಷೇಪವೇ ನಿಜವಾಗಿ ಕಾಡುವಂಥದು. ಹೊನಾಮಿಯವರ ಒರಿಗಾಮಿಯಲ್ಲಿ ಹೆಸರಿನ ಜೊತೆ ಇಷ್ಟು ಚಿನ್ನದ ಬಿಲ್ಲೆ ಎಂದು ಬೆಲೆಯೂ ಇರುತ್ತಿತ್ತು. ಕತ್ತಿಗಳು ದೈಮ್ಯೊ ಎಂಬ ಪಾಳೆಯಗಾರರ ನಡುವೆ ಕಾಣಿಕೆಯಾಗಿ ಓಡಾಡುವ ಕಾಲದಲ್ಲಿ ಹೆಸರು ದೊಡ್ಡದಾದಷ್ಟೂ ಕೊಟ್ಟವನಿಗೂ ಮಾನ, ಪಡೆದವನಿಗೂ ಮಾನ. ಒಂದು ಹೆಸರಿನಿಂದ ಬೆಲೆ ಹತ್ತು ಪಟ್ಟಾಗುವಲ್ಲಿ ಹೆಸರು ಹೇಳುವವನ ಬಾಯಿ ಶುದ್ಧವಿರುತ್ತದೆಯೇ? ಇಲ್ಲಿ ಆಪ್ತ ಯಾರು ಎಂಬ ಹಳೆಯ ಚರ್ಚೆ ಕೈಹಿಡಿಯುತ್ತದೆ. ನ್ಯಾಯಭಾಷ್ಯ ಬರೆದ ವಾತ್ಸ್ಯಾಯನನಿಗೆ ಆಪ್ತನೆಂದರೆ ವಿಷಯವನ್ನು ನೇರ ಬಲ್ಲವನು, ಬಲ್ಲದ್ದನ್ನು ಬಲ್ಲಂತೆಯೇ ತಿಳಿಸುವ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸೇರಿಸಿದ್ದಾನೆ, ಕಮ್ಮಾರನ ಮಗನಿಗೂ ಸಾಣೆಯವನಿಗೂ ಅನ್ವಯಿಸಲು ಅಡ್ಡಿಯಿಲ್ಲ. ಬಲ್ಲವನಾಗಿರುವುದು ಒಂದು ಕಾಲು, ತಿಳಿಸುವ ಇಚ್ಛೆ ಇನ್ನೊಂದು. ಸಾಣೆ ಹಿಡಿದು ಸಾವಿರ ಕತ್ತಿಗಳ ಮೈಯನ್ನು ಬೆರಳಿಂದ ಬಲ್ಲವನಲ್ಲಿ ಮೊದಲ ಕಾಲು ಗಟ್ಟಿ. ಬೆಲೆಯ ಆಸೆ ಎರಡನೆಯದನ್ನು ಊನ ಮಾಡಬಹುದು. ಜೈನಾಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯನ್ನು ಶುರು ಮಾಡುವುದೇ ಈ ಅನುಮಾನದಿಂದ. ದೇವತೆಗಳು ಬಂದು ನಮಸ್ಕರಿಸುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸಿಸಿಕೊಳ್ಳುವುದು ಮಾಯಾವಿಗಳಿಗೂ ಸಾಧ್ಯ, ಅಷ್ಟಕ್ಕೇ ನಿನ್ನನ್ನು ದೊಡ್ಡವನೆನ್ನಲಾರೆವು ಎಂದು ತಮ್ಮ ತೀರ್ಥಂಕರನಿಗೇ ಹೇಳುವ ಎದೆ ಅವರದು. ಮುದ್ರೆ, ಬಣ್ಣದ ಕಾಗದ, ಸಂಸ್ಥೆಯ ಹೆಸರು, ಇವೆಲ್ಲ ಚಾಮರ. ಹಾಗಾದರೆ ಇನ್ನೇನು ನೋಡಬೇಕು? ಮಾತು ಕಾರಣ ಕೊಡುತ್ತದೆಯೇ, ಬೇರೆ ಸಾಕ್ಷಿಗೆ ಅಡ್ಡ ಬಾರದೆ ನಿಲ್ಲುತ್ತದೆಯೇ ಎಂಬುದನ್ನೇ ಅವರೂ ಕೇಳಿದ್ದು. ಪರಿಣತನೊಬ್ಬ ದೊಡ್ಡ ಹೆಸರು ಸಿಗಬಹುದಾದ ಕಡೆ ಚಿಕ್ಕ ಹೆಸರು ಹೇಳಿದ ದಾಖಲೆ ಇದೆಯೇ ಎಂದು ಹುಡುಕುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಆಸೆಗೆ ವಿರುದ್ಧ ಹೋದ ಮಾತೇ ಉಳಿದ ಮಾತುಗಳಿಗೂ ಜಾಮೀನು.

ಶ್ರದ್ಧಾವಂತರ ಕಡೆಯಿಂದ ಇನ್ನೊಂದು ಮಾತು ಬರುತ್ತದೆ, ಅದನ್ನು ಆಕ್ಷೇಪ ಎನ್ನುವುದಕ್ಕಿಂತ ಬೇಸರ ಎನ್ನಬೇಕು: ಪೂಜೆಗೆ ಹೆಸರೇಕೆ? ಆಯುಧಪೂಜೆಯ ದಿನ ಕುಂಕುಮ ಇಡುವಾಗ ಮಚ್ಚು ಬಡಿದವನಾರೆಂದು ಯಾರು ಕೇಳುತ್ತಾರೆ? ಮೀಮಾಂಸಕರು ಒಂದು ಹೆಜ್ಜೆ ಮುಂದೆ ಹೋಗಿ ಹೆಸರಿಲ್ಲದಿರುವುದನ್ನೇ ಹಿರಿಮೆ ಮಾಡಿದರು. ವೇದಕ್ಕೆ ಕರ್ತೃವಿನ ನೆನಪಿಲ್ಲ, ಕರ್ತೃವಿಲ್ಲದಲ್ಲಿ ಕರ್ತೃವಿನ ದೋಷವೂ ಇಲ್ಲ. ಹಾಳುಬಾವಿಯನ್ನು ತೋಡಿಸಿದವನ ನೆನಪೂ ಇಲ್ಲ, ಹಾಗೆಂದು ಬಾವಿ ತಾನಾಗಿ ಹುಟ್ಟಿತೇ ಎಂಬುದು ಎದುರಾಳಿಗಳ ಪ್ರಶ್ನೆ. ಎರಡನೆಯವರ ಕಡೆಗೇ ನನ್ನ ಒಲವು. ಮರೆತದ್ದಕ್ಕೂ ಇಲ್ಲದ್ದಕ್ಕೂ ನಡುವೆ ಗೆರೆ ಎಳೆಯದಿದ್ದರೆ ಕುಲುಮೆಯ ಮುಂದೆ ಬೆವರಿದವನನ್ನು ಎರಡನೆಯ ಸಲ ಅಳಿಸಿದಂತೆ. ಊರೂರಲ್ಲೂ ಕೇಳುವ ‘ಪಾಂಡವರು ಪ್ರತಿಷ್ಠೆ ಮಾಡಿದ ಲಿಂಗ’, ‘ಜನಮೇಜಯ ಕಟ್ಟಿಸಿದ ಗುಡಿ’ ಎಂಬ ಮಾತುಗಳನ್ನು ನಾನು ಸುಳ್ಳೆಂದು ಎಸೆಯುವುದಿಲ್ಲ. ಅವು ‘ದೆನ್’ ಉದುರಿಹೋದ ಪತ್ರಗಳು. ಬಹಳ ಹಳೆಯದು, ಯಾರೋ ದೊಡ್ಡವರದು, ನಮ್ಮ ಹಿರಿಯರು ಹೀಗೆ ಹೇಳುತ್ತಿದ್ದರು ಎಂಬ ನೆಲೆಯಲ್ಲಿಟ್ಟರೆ ಅವು ನಿಜವನ್ನೇ ಹೇಳುತ್ತಿವೆ. ನ್ಯಾಯಾಲಯಕ್ಕೋ ಪಠ್ಯಪುಸ್ತಕಕ್ಕೋ ಅವನ್ನು ಬೇಲಿಯಿಲ್ಲದೆ ಹೊತ್ತೊಯ್ದಾಗ ಮಾತ್ರ ಕೆಡುತ್ತವೆ.

ಅನುಗೊಂಡನಹಳ್ಳಿ ಇರುವ ಹೊಸಕೋಟೆ ಸೀಮೆಯ ಶಾಸನಗಳೂ ಸೇರಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂತು. ಅಕ್ಷರವಿದ್ದ ಕಲ್ಲು ಅದರೊಳಗೆ ಸೇರಿತು, ಅಕ್ಷರವಿಲ್ಲದ ಕಲ್ಲು ಹೊರಗೇ ಉಳಿಯಿತು. ಅಕ್ಷರವಿರುವ ವೀರಗಲ್ಲೂ ಸತ್ತವನ ಹೆಸರು, ಅರಸನ ಹೆಸರು, ಬಿಟ್ಟ ಕೊಡಗೆ ಹೇಳಿ ಸುಮ್ಮನಾಗುವುದೇ ಹೆಚ್ಚು, ಕಡೆದವನ ಹೆಸರು ಅಪರೂಪ. ಟಿಪ್ಪುವಿನ ಕತ್ತಿಯ ಸಂಗತಿಯೂ ಅದೇ. ನಮ್ಮ ವಿಭಕ್ತಿ ಹಿಡಿದ ಕೈಯ ಕಡೆಗೆ ವಾಲುತ್ತದೆ, ಬಡಿದ ಕೈಯ ಕಡೆಗೆ ತಿರುಗುವುದು ಕಡಿಮೆ. ಜಪಾನಿನ ಪರಿಣತರು ತಿರುಗಿದರು, ತಿರುಗುವ ಭರದಲ್ಲಿ ಕೆಲವೊಮ್ಮೆ ಎಡವಿದರು, ಆದರೆ ಎಡವಿದರೆ ಯಾರನ್ನು ಹಿಡಿದು ಕೇಳಬೇಕೆಂಬುದಕ್ಕೂ ಒಂದು ಏರ್ಪಾಡು ಮಾಡಿಟ್ಟರು. ಮೊಟಕಾದ ಕೆಲವು ಕತ್ತಿಗಳ ಬಾಲದ ಮೇಲೆ, ಕಪ್ಪುಗಂದು ತುಕ್ಕಿನ ನಡುವೆ, ಹಳೆಯ ತೂತುಗಳನ್ನು ತಪ್ಪಿಸಿ, ಚಿನ್ನದ ತಂತಿ ಕೂರಿಸಿ ಬರೆದಿದೆ. ಒಂದು ಮಗ್ಗುಲಲ್ಲಿ ಮಸಮುನೆ ಎಂದಿದೆ. ತಿರುಗಿಸಿದರೆ ಇನ್ನೊಂದು ಮಗ್ಗುಲಲ್ಲಿ, ಅಷ್ಟೇ ದಪ್ಪ ಚಿನ್ನದಲ್ಲಿ, ಹಾಗೆ ಹೇಳಿದ ಹೊನಾಮಿಯ ಹೆಸರೂ ಅವನ ರುಜುವೂ ಇದೆ.